ಉಗುರಿನಷ್ಟು

ದಸ್ತಗೀರ್ ಕೊಟ್ಟದ್ದು ಉಗುರಿನಷ್ಟು.
ಮೊಸರಿನ ಡಬ್ಬಿಯಲ್ಲಿ ಉಪ್ಪುನೀರು, ನೀರಿನಲ್ಲಿ ಅದು,
ಮುಖ ಮುಚ್ಚಿಕೊಂಡು.
ಕಲಾಸಿಪಾಳ್ಯದಿಂದ ಕಾಮಾಕ್ಷಿಪಾಳ್ಯದವರೆಗೆ
ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದೆ.
ಪಾಯಸವಾ, ಎಂದರು ಪಕ್ಕದ ಸೀಟಿನವರು.
ಹೌದೆಂದೆ.
ಹವಳ ಎಂದಿದ್ದರೆ ಎಷ್ಟು ಗ್ರಾಮು ಎಂದು ಕೇಳುತ್ತಿದ್ದರು.

ನನಗೂ ಮೊದಲು ಗೊತ್ತಿದ್ದದ್ದು ಆ ಹವಳವೇ.
ಅಮ್ಮನ ತಾಳಿಸರದಲ್ಲಿ ಎರಡು,
ನನ್ನ ಉಂಗುರದಲ್ಲಿ ಒಂದು, ಕುಜದೋಷಕ್ಕೆಂದು
ಅವೆನ್ಯೂ ರೋಡಿನಲ್ಲಿ ಕಟ್ಟಿಸಿದ್ದು.
ಏಳು ಗಂಡುಗಳು ಬಂದು ಉಪ್ಪಿಟ್ಟು ತಿಂದು ಹೋದವು.
ಉಂಗುರ ಬೀರುವಿನಲ್ಲಿದೆ.
ಸತ್ತ ಹವಳ ತೊಟ್ಟರೆ ಶಾಂತಿ ಎಂದಿದ್ದರು,
ಬದುಕಿರುವುದನ್ನು ಸಾಕಿದರೆ ಏನು ಫಲವೋ
ಯಾವ ಪಂಚಾಂಗದಲ್ಲೂ ಬರೆದಿಲ್ಲ.

ಅವಸರ ಮಾಡಬಾರದು.
ಡಬ್ಬಿಯನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಇಪ್ಪತ್ತು ನಿಮಿಷ,
ಬಿಸಿಗೆ ಬಿಸಿ ಸಮನಾಗಲಿ.
ಆಮೇಲೆ ಸಣ್ಣ ಕೊಳವೆಗೊಂದು ಗಂಟು ಹಾಕಿ
ಹನಿ,
ಹನಿ.
ಹಳೆಯ ನೀರು ನನ್ನ ನೀರಾದದ್ದು
ಅದಕ್ಕೇ ತಿಳಿಯಬಾರದು.

ಅಯೋಡಿನ್ನಿನ ಕಂದು ನೀರಲ್ಲಿ ಅದ್ದಿ ಜಾಲಿಸಿದರೆ
ಉದುರಿದವು ಮೂರು ಚಪ್ಪಟೆ ಹುಳು, ಎಳ್ಳಿನ ಸಿಪ್ಪೆಯಂಥವು.
ಯಾರ ಮನೆಯಿಂದ ಯಾರೇ ಬರಲಿ, ಏನಾದರೊಂದು ತಂದೇ ತರುತ್ತಾರೆ.
ಬುಡ ಒರೆಸಿ, ಒಂದು ಚುಕ್ಕೆ ಅಂಟು ಹಚ್ಚಿ,
ಬಿಲ್ಲೆಯ ಮೇಲೆ ಕೂರಿಸಿ
ಕೆಳಗೆ, ಮರಳಿನ ಹತ್ತಿರ, ನೆರಳಿನ ಮೂಲೆಗೆ.
ನೀಲಿ ದೀಪ ಮೂವತ್ತೇ ಪರ್ಸೆಂಟು.
ಹೊಸಬರಿಗೆ ಮೊದಲ ದಿನವೇ ನಡುಮನೆಯ ಬೆಳಕು ಬೇಡ.

ಬೆಳಿಗ್ಗೆ ಏಳಕ್ಕೆ ಲ್ಯಾಬಿನಲ್ಲಿ ನಾನು ರಕ್ತ ತೆಗೆಯುತ್ತೇನೆ.
ಮುಷ್ಟಿ ಬಿಗಿ ಮಾಡಿ. ಬಿಡಿ. ಹತ್ತಿ ಒತ್ತಿಕೊಳ್ಳಿ.
ರಾತ್ರಿ ಅದೇ ಕೈ, ಅದೇ ಕ್ಯಾಲ್ಸಿಯಂ,
ಸಿರಿಂಜಿನಲ್ಲಿ ಮಾತ್ರ ಕಡಲು.
ಗುಲಾಬಿ ನೀಲಿಗೆ ತಿರುಗುವವರೆಗೆ ಹನಿ ಎಣಿಸುತ್ತೇನೆ.
ನಾನ್ನೂರ ಇಪ್ಪತ್ತು. ಚೆನ್ನಾಗಿದೆ.
ನನ್ನದು ಹೋದ ತಿಂಗಳು ಕಡಿಮೆ ಬಂದಿತ್ತು,
ಮಾತ್ರೆ ಇನ್ನೂ ತಂದಿಲ್ಲ.

ಓನರು ಗಂಗರತ್ನಮ್ಮ ಬಾಗಿಲಲ್ಲೇ ನಿಂತು
ಮುನ್ನೂರು ಲೀಟರಾ, ಮೋಲ್ಡು ತಡೆಯುತ್ತಾ, ಎಂದರು.
ಕಡಲಿಗಿಂತ ಮೂರು ಸಾವಿರ ಅಡಿ ಮೇಲೆ ಈ ಊರು,
ಅದರ ಮೇಲೆ ಎರಡನೇ ಮಹಡಿ,
ಅದರ ಮೇಲೆ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ
ನೀರು.
ತಡೆಯಬೇಕು, ಎಂದೆ.

ಹನ್ನೊಂದು ದಿನ ಮುಚ್ಚಿಕೊಂಡೇ ಇತ್ತು.
ಮುಟ್ಟಬೇಡಿ, ಜರುಗಿಸಬೇಡಿ, ಎಂದಿದ್ದ ದಸ್ತಗೀರ್.
ನೋಡಬೇಡಿ ಎಂದಿರಲಿಲ್ಲವಲ್ಲ,
ಕುಕ್ಕರ್ ಆರು ಸಲ ಕೂಗಿ ಬೇಳೆ ತಳ ಹಿಡಿಯಿತು.
ಹನ್ನೆರಡನೆಯ ಬೆಳಗ್ಗೆ ಕೆಳಗೆ ಟ್ಯಾಂಕರಿನವನು ಹಾರ್ನು ಒತ್ತುತ್ತಿದ್ದಾಗ
ಒಂದು ಬಾಯಿ. ಹಸಿರು. ಸಾಸಿವೆ ಕಾಳಷ್ಟು.
ಸುತ್ತ ರೆಪ್ಪೆ.
ಯಾರಿಗೆ ಹೇಳಲಿ?
ಬಿಂದಿಗೆ ಹಿಡಿದು ಸಾಲುಗಟ್ಟಿ ನಿಂತವರಿಗಾ?

ಮರುವರ್ಷ ಆಷಾಢದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು
ದಸ್ತಗೀರನ ಬೀದಿಗೆ ಹದಿನೆಂಟು ಗಂಟೆ ಕರೆಂಟಿಲ್ಲ.
ಊರಿನ ಆಟೋಗಳಿಗೆಲ್ಲ ಬ್ಯಾಟರಿ ಕಟ್ಟುವವನು,
ಮನೆಯ ಬ್ಯಾಟರಿ ಕೈಕೊಟ್ಟಿತು.
ಅವನು, ಹೆಂಡತಿ, ಮಗಳು, ಸರದಿಯ ಮೇಲೆ
ಚೊಂಬಿನಲ್ಲಿ ನೀರೆತ್ತಿ ಎತ್ತಿ ಸುರಿದರಂತೆ ಬೆಳಗಾಗುವವರೆಗೆ.
ತಾಯಿ ಹವಳ ಸುಣ್ಣವಾಯಿತು.

ಭಾನುವಾರ ಬಂದ. ಕಾಫಿ ಮುಟ್ಟಲಿಲ್ಲ.
ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು
ಇದು ಅದರ ಮಗು ಅಲ್ಲ ಸಿಸ್ಟರ್, ಅದೇ, ಎಂದ.
ಕಡಲನ್ನೇ ಕಾಣದ್ದು. ಗಾಜಿನಿಂದ ಗಾಜಿಗೆ
ಎಷ್ಟು ಕೈ ದಾಟಿದೆಯೋ.
ಮೂಳೆ ಕತ್ತರಿಸುವ ಇಕ್ಕಳ ತೆಗೆದೆ.
ಕಟಕ್ಕೆಂದಿತು, ಸಣ್ಣದಾಗಿ, ಅಡಿಕೆಯ ಹಾಗೆ.

ಅದೇ ಮೊಸರಿನ ಡಬ್ಬಿ, ತೊಳೆದಿಟ್ಟಿದ್ದೆ.
ಖಾಲಿ ಡಬ್ಬಿ ವಾಪಸು ಕೊಡಬಾರದು ಎನ್ನುತ್ತಿದ್ದಳು ಅಮ್ಮ;
ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಿದ್ದಳು.

ನನ್ನದು ಮತ್ತೆ ಮುಚ್ಚಿಕೊಂಡಿದೆ, ಕಡಿದ ಕಡೆ ಬಿಳಿ.
ದೀಪ ಮೂವತ್ತಕ್ಕೆ ಇಳಿಸಿದ್ದೇನೆ.